ಭುಜದ ಮೇಲೆ ಕೈ ಇಲ್ಲದ ಮಾತು

ಬಾಸ್ಸುವಿನ ಗಂಟಲು ಎಂಥದ್ದು ಅಂದರೆ, ಗುರುವಾರದ ಸಂತೆಯಲ್ಲಿ ಅವನು ಬಾಯಿ ತೆರೆದರೆ ಹೊಳೆಯಾಚೆ ಬಟ್ಟೆ ಒಗೆಯುತ್ತಿದ್ದ ಹೆಂಗಸರು ಕೈ ನಿಲ್ಲಿಸಿ ಕಿವಿಗೊಡುತ್ತಿದ್ದರು. ಅವನಪ್ಪ ಸಾರುವವನು, ಅಪ್ಪನ ಅಪ್ಪನೂ ಸಾರುವವನೇ. ತಮಟೆ ಇಲ್ಲ, ಡೋಲು ಇಲ್ಲ. ಸಂತೆಯ ಬಾಗಿಲಲ್ಲಿ ಒಂದು ಚಪ್ಪಟೆ ಬಂಡೆ ಇದೆ. ಅದನ್ನು ಹತ್ತಿ ಬಲಗೈಯನ್ನು ಕಿವಿಗೆ ಆನಿಸಿ, "ದೇವರೊಬ್ಬನೇ! ಒಳ್ಳೇದೇ ಕೇಳ್ರಪ್ಪಾ, ಕೆಟ್ಟದ್ದು ನಿಮ್ಮ ಕಿವಿಗೆ ಬೀಳದೆ ಇರ್ಲಿ" ಅಂತ ಎತ್ತಿದನೆಂದರೆ ಕುರಿ ವ್ಯಾಪಾರ ಅರ್ಧಕ್ಕೆ ನಿಲ್ಲುತ್ತಿತ್ತು. ಹೇಸರಗತ್ತೆ ಕಳಕೊಂಡವರು, ದಾರಿಯಲ್ಲಿ ಗಂಟು ಸಿಕ್ಕವರು, ಮದುವೆಗೆ ಕರೆಯುವವರು, ಸಾವಿನ ಸುದ್ದಿ ಮುಟ್ಟಿಸುವವರು ಎಲ್ಲರಿಗೂ ಅವನೇ ಬೇಕು. ಅಟ್ಲಾಸ್ ಬೆಟ್ಟದ ಈ ಮೂಲೆಯಲ್ಲಿ ಫೋನು ಬಂದು ಎಷ್ಟೋ ವರ್ಷವಾಗಿದೆ, ನಿಜ. ಆದರೆ ಫೋನಲ್ಲಿ ಯಾರು ಏನು ಬೇಕಾದರೂ ಒದರಬಹುದು. ಬಂಡೆಯ ಮೇಲೆ ಒದರೋಕಾಗಲ್ಲ.

ಯಾಕೆಂದರೆ ಬಂಡೆಗೊಂದು ಕಟ್ಟಳೆ ಇತ್ತು. ಸಾರಿಸುವವನು ಬಾಸ್ಸುವಿನ ಪಕ್ಕದಲ್ಲಿ ನಿಂತು ಅವನ ಭುಜದ ಮೇಲೆ ಕೈ ಇಡಬೇಕು, ಸಾರಿ ಮುಗಿಯುವ ತನಕ ತೆಗೆಯಬಾರದು. ಕೈ ಯಾರದೋ ಮಾತು ಅವರದು. ಬಾಸ್ಸು ಬರೀ ಗಂಟಲು. ಕೈ ಇಲ್ಲದೆ ಸಾರಿದರೆ ಕೆಳಗಿಂದ ಯಾರಾದರೂ "ಮಾತು ಯಾರದು?" ಅಂತ ಕೇಳೇ ಕೇಳುತ್ತಾರೆ. ಯಾರೂ ಮುಂದೆ ಬರದಿದ್ದರೆ ಮಾತು ಸಾರಿದವನ ತಲೆಗೇ. ಬಾಸ್ಸುವಿನ ಅಪ್ಪ ಒಂದು ಸಲ ನೆಂಟನೊಬ್ಬನ ಮಾತು ನಂಬಿ, ಕೈ ಇಡಿಸಿಕೊಳ್ಳದೆ, ಕಳೆದ ಹೇಸರಗತ್ತೆ ಸಿಕ್ಕಿದೆ ಅಂತ ಸಾರಿಬಿಟ್ಟ. ಸಿಕ್ಕಿರಲಿಲ್ಲ. ಎರಡು ದಿನ ನಡೆದು ಬಂದ ಹೇಸರಗತ್ತೆಯ ಧಣಿಗೆ ತನ್ನ ಸ್ವಂತದ್ದನ್ನೇ ಬಿಚ್ಚಿ ಕೊಟ್ಟು ಕಳಿಸಿದ. ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು ಅನ್ನುವುದನ್ನು ಆ ಮನೆಯವರಿಗೆ ಯಾರೂ ಕಲಿಸಬೇಕಾಗಿರಲಿಲ್ಲ.

ಹಾಗಿದ್ದ ಮನೆಯ ಮೇಲೆ ಸುಧಾರಣೆ ಬಂದು ಬಿತ್ತು.

ಆ ವರ್ಷ ಮಾರ್ಚಿನಲ್ಲಿ ರಾಜಧಾನಿಯಲ್ಲಿ ಹೊಸ ಸರ್ಕಾರ ಕೂತಿತು. ಹಳೆಯವರೆಲ್ಲ ಕಳ್ಳರು, ನಾವು ಬದಲಾವಣೆ ಅಂತ ಬಂದವರು. ಬದಲಾವಣೆಯನ್ನು ಮಾಡುವುದಕ್ಕಿಂತ ಹೇಳುವುದರಲ್ಲೇ ಅವರಿಗೆ ಹೆಚ್ಚು ಹುಮ್ಮಸ್ಸು. ವಾರಕ್ಕೊಂದು ಘೋಷಣೆ, ಕೆಲವು ವಾರ ಎರಡು. ಟೀವಿಯಲ್ಲಿ ಹೇಳಿದ್ದು ಸಾಲದು, ಪ್ರತಿ ಸಂತೆಯಲ್ಲೂ ಜನರ ಭಾಷೆಯಲ್ಲೇ ಸಾರಬೇಕು ಅಂತ ಒಂದು ಘೋಷಣೆ ಬಂತು. ಅವರ ಘೋಷಣೆಗಳ ಪೈಕಿ ಪೂರ್ತಿ ಜಾರಿಗೆ ಬಂದದ್ದು ಅದೊಂದೇ.

ಕಾಗದ ತರುತ್ತಿದ್ದವನು ಮುಕದ್ದಮ ದ್ರೀಸ್. ನಮ್ಮ ಕಣಿವೆಗೆ ಅವನೇ ಸರ್ಕಾರದ ಕಣ್ಣು, ಕಿವಿ, ಮತ್ತು ಮುಖ್ಯವಾಗಿ ಹೊಟ್ಟೆ. ಬಾಸ್ಸುವಿಗೆ ಓದು ಬಾರದು. ಎರಡು ಸಲ ಕೇಳಿದರೆ ಮೂರನೇ ಸಲ ತಾನೇ ಒಪ್ಪಿಸುತ್ತಿದ್ದ. ಮೊದಲ ಗುರುವಾರ ದ್ರೀಸ್ ಕಾಗದ ಓದಿ ಹೇಳಿ ಚಹಾದ ಗುಡಾರದ ಕಡೆ ಹೊರಟಾಗ ಬಾಸ್ಸು ತಡೆದು, ಪಕ್ಕದಲ್ಲಿ ನಿಂತು ಕೈ ಇಡಪ್ಪಾ ಅಂದ. ದ್ರೀಸ್ ನಕ್ಕು ಕಾಗದದ ಮೂಲೆಯ ನೀಲಿ ಗುಂಡನೆಯ ಗುರುತು ತೋರಿಸಿದ.

"ಮೊಹರು ಇದೆಯಲ್ಲ ಬಾಸ್ಸು ಚಿಕ್ಕಪ್ಪ. ಅದೇ ಸರ್ಕಾರದ ಕೈ. ಇದಕ್ಕಿಂತ ದೊಡ್ಡ ಕೈ ನಿನ್ನ ಭುಜದ ಮೇಲೆ ಯಾವತ್ತಾದ್ರೂ ಕೂತಿತ್ತಾ?"

ಅಷ್ಟಕ್ಕೇ ಬಾಸ್ಸು ಒಪ್ಪಿಕೊಂಡ. ಇಲ್ಲಿ ಅವನನ್ನು ಕಾಪಾಡುವ ಮಾತು ನನ್ನ ಹತ್ತಿರ ಇಲ್ಲ. ಕುರಿ ಕೊಂಬು ಮುರೀತು ಅಂತ ಸಾರಿಕೊಂಡಿದ್ದವನ ಬಾಯಿಗೆ ಮಂತ್ರಿಗಳ ಮಾತು ಬಂದಿತ್ತು. ಅವನ ಬೆನ್ನು ಎರಡು ಬೆರಳು ನೆಟ್ಟಗಾಯಿತು. ಮನೆಗೆ ಬಂದು ಹೆಂಡತಿ ಯಾಮ್ನಾಳ ಎದುರು ಬಾರ್ಲಿ ರೊಟ್ಟಿ ಮುರಿಯುತ್ತಾ ಇನ್ನೊಂದು ಸಲ ಪೂರ್ತಿ ಒಪ್ಪಿಸಿದ. ಅವಳು ಎಣ್ಣೆ ಬಟ್ಟಲು ಮುಂದಕ್ಕೆ ತಳ್ಳಿ, "ತಿನ್ನು ಮುದುಕಾ. ಬಾಯಿ ಖಾಲಿ ಇದ್ರೆ ಸರ್ಕಾರ ಬಂದು ಕೂತ್ಕೊಳ್ಳುತ್ತೆ" ಅಂದಳು.

ಏನೇನು ಸಾರಿದ ಅಂತ ಪಟ್ಟಿ ಮಾಡುತ್ತಾ ಕೂತರೆ ನನಗೇ ಮೈ ಉರಿಯುತ್ತದೆ. ಕಚೇರಿಯಲ್ಲಿ ಯಾರನ್ನೂ ಅರ್ಧ ಗಂಟೆಗಿಂತ ಹೆಚ್ಚು ಕಾಯಿಸುವುದಿಲ್ಲ ಅಂದರು. ಅದಕ್ಕೊಂದು ದೊಡ್ಡ ಗಡಿಯಾರ ಬಂತು, ಗೋಡೆಗೆ ಹತ್ತಿತು. ಅದರ ಕೆಳಗೆ ಕೂರಬೇಕಾದ ಗುಮಾಸ್ತ ಮಾತ್ರ ಮೊದಲಿನಂತೆ ಹನ್ನೊಂದಕ್ಕೇ ಬಂದ. ಮೇಲಿನ ಹಳ್ಳಿಯ ಹುಡುಗಿಯರಿಗೆ ಶಾಲೆಯ ಬಸ್ಸು ಅಂದರು. ಬಸ್ಸಿನ ಬದಲು ಬಸ್ಸಿನ ಚಿತ್ರ ಇರುವ ಬೋರ್ಡು ಬಂತು. ಹೊಳೆಗೆ ಸೇತುವೆ ಅಂದರು. ಅಳತೆ ಹಿಡಿಯುವವರು ಬಂದು ಕೆಂಪು ಗೂಟ ಹೊಡೆದು ಹೋದರು, ಕುರಿಯವರು ಆ ಗೂಟ ಕಿತ್ತು ತಮ್ಮ ಕೆಲಸಕ್ಕೆ ಬಳಸಿಕೊಂಡರು. ಅಂಗೈಯಲ್ಲಿ ಆಕಾಶ ತೋರಿಸುವವರನ್ನು ನಾವು ಮೊದಲೂ ನೋಡಿದ್ದೆವು. ಆದರೆ ತೋರಿಸಿದವರು ಹೊರಗಿನವರಾಗಿದ್ದರು. ಈ ಸಲ ತೋರಿಸಿದ್ದು ನಮ್ಮ ಬಾಸ್ಸು.

ಜನ ಮೊದಮೊದಲು ತಮಾಷೆಗೆ ಕೇಳಿದರು. ಬಸ್ಸಿಗೆ ಎಲ್ಲಿ ನಿಲ್ಲಬೇಕು ಬಾಸ್ಸು, ನಿನ್ನ ಮನೆ ಮುಂದೇನಾ ಅಂತ. ಆಮೇಲೆ ಸಂತೆಯಲ್ಲಿ ಸ್ಫೆಂಜ್ ಕರಿಯುವ ಹಮ್ಮಾದಿ, ಬಳೆಯಂಥ ಆ ಕರಿದ ತಿಂಡಿ ಅವನ ಕೈಗೆ ಕೊಡುತ್ತಾ, ಇದು ನಿಜವಾದದ್ದು ನೋಡು, ಘೋಷಣೆ ಅಲ್ಲ ಅಂದ. ಸುತ್ತಲಿನವರು ಬಿದ್ದು ಬಿದ್ದು ನಕ್ಕರು. ಬಾಸ್ಸು ತಾನೂ ನಕ್ಕ. ಸರ್ಕಾರಕ್ಕೆ ಸ್ವಲ್ಪ ಸಮಯ ಕೊಡಬೇಕು, ಮೊಹರು ಹಾಕಿದವರು ಸುಳ್ಳು ಹೇಳ್ತಾರಾ ಅಂತ ವಾದಿಸಿದ.

ಚಳಿಗಾಲದಲ್ಲಿ ಎರಡು ಘೋಷಣೆ ಬಂದವು. ಈ ಕಥೆ ಆ ಎರಡರದ್ದೇ.

ಒಂದು, ನವೆಂಬರಿನಲ್ಲಿ ಬಂದದ್ದು. ಮನೆಯಲ್ಲಿ ಹೆರಿಗೆ ಮಾಡಿಸುವ, ತರಬೇತಿ ಇಲ್ಲದ ಸೂಲಗಿತ್ತಿಯರು ಇನ್ನು ಆ ಕೆಲಸ ಮಾಡಕೂಡದು. ಮಾಡಿದರೆ ಜೈಲು. ನಮ್ಮ ಕಣಿವೆಯಲ್ಲಿ ಸೂಲಗಿತ್ತಿ ಅಂದರೆ ಮಾಮಾಸ್ ಅಜ್ಜಿ ಒಬ್ಬಳೇ. ದ್ರೀಸನ ಹೊಕ್ಕುಳು ಕತ್ತರಿಸಿದ್ದೂ ಅವಳೇ. ಸಾರಿದ್ದನ್ನು ಅಜ್ಜಿ ಕೇಳಿದಳು. ಈ ವಯಸ್ಸಿನಲ್ಲಿ ಜೈಲಿನ ಗಂಜಿ ಬೇಡ ಅಂತ ತನ್ನ ಗಂಟು ಕಟ್ಟಿಕೊಂಡು ಬೆಟ್ಟದಾಚೆಯ ಮಗಳ ಮನೆಗೆ ಹೊರಟು ಹೋದಳು.

ಇನ್ನೊಂದು, ಜನವರಿಯದು. ಸಂತೆ ದವಾಖಾನೆಗೆ ಹೆರಿಗೆ ನರ್ಸು ಬರುತ್ತಾಳೆ, ಫೆಬ್ರವರಿ ಮೊದಲ ತಾರೀಖಿನಿಂದ ಹಗಲೂ ರಾತ್ರಿ ಅಲ್ಲೇ ಇರುತ್ತಾಳೆ, ಇನ್ನು ಯಾವ ತಾಯಿಯೂ ಹೆರಿಗೆಗೆ ಬೆಟ್ಟ ಇಳಿಯಬೇಕಾಗಿಲ್ಲ. ಇದನ್ನು ಸಾರುವಾಗ ಬಾಸ್ಸುವಿನ ಗಂಟಲು ಎಂದಿಗಿಂತ ಎತ್ತರಕ್ಕೆ ಹೋಯಿತು. ಅವನ ಒಬ್ಬಳೇ ಮಗಳು ತುದಾಗೆ ಆಗ ಏಳು ತಿಂಗಳು.

ತುದಾಳ ಮೊದಲ ಮಗು ಎರಡು ವರ್ಷದ ಹಿಂದೆ ಮನೆಯಲ್ಲೇ ಕಾಲು ಮುಂದಾಗಿ ಬಂದು ತೀರಿಹೋಗಿತ್ತು. ಅವಳು ಉಳಿದದ್ದೇ ಹೆಚ್ಚು. ಕೆಳಗಿನ ಪಟ್ಟಣದ ಡಾಕ್ಟರು, ಮುಂದಿನದು ಮನೆಯಲ್ಲಿ ಮಾತ್ರ ಬೇಡ ಅಂದಿದ್ದರು. ನಮ್ಮ ಕಡೆ ಕಷ್ಟದ ಬಸುರಿಯರು ಹಿಮಕ್ಕೆ ದಾರಿ ಮುಚ್ಚುವ ಮೊದಲೇ ಬೆಟ್ಟ ಇಳಿದು ಯಾರಾದರೂ ನೆಂಟರ ಮನೆಯಲ್ಲಿದ್ದು ಹೆತ್ತು, ವಸಂತಕ್ಕೆ ಮಗುವಿನೊಂದಿಗೆ ಹತ್ತಿ ಬರುವುದು ವಾಡಿಕೆ. ಯಾಮ್ನಾಳ ತಂಗಿ ರ್ಖಿಯಾ ಪಟ್ಟಣದಲ್ಲಿದ್ದಳು. ಹಾಸಿಗೆ ಹಾಸಿ ಕಾಯುತ್ತಿದ್ದಳು. ತುದಾಳ ಬಟ್ಟೆಯ ಗಂಟು ಕೂಡ ಕಟ್ಟಿಯಾಗಿತ್ತು.

ಆ ಗಂಟನ್ನು ಬಿಚ್ಚಿದ್ದು ಬಾಸ್ಸುವಿನ ಮಾತು.

ಯಾಮ್ನಾ ಒಪ್ಪಲಿಲ್ಲ. ನರ್ಸು ಬರಲಿ, ನಾನು ಅವಳ ಮುಖ ನೋಡಲಿ, ಆಮೇಲೆ ಮಾತು ಅಂದಳು. ಫೆಬ್ರವರಿ ಒಂದಕ್ಕೆ ನರ್ಸು ನಿಜಕ್ಕೂ ಬಂದಳು. ದವಾಖಾನೆಗೆ ಬಿಳಿ ನೀಲಿ ಬಣ್ಣ ಬಳಿದಿತ್ತು. ಮೂರು ಕಾರು ಬಂದವು. ಬಿಳಿ ಕೋಟು ಹಾಕಿಕೊಂಡ ಹುಡುಗಿಯೊಬ್ಬಳು ಹೊಸ ಮಂಚದ ಪಕ್ಕ ನಿಂತಳು, ಅಧಿಕಾರಿಗಳು ಎರಡೂ ಕಡೆ ನಿಂತರು, ಫೋಟೋ ಆಯಿತು. ಟೇಪು ಕತ್ತರಿಸಿ, ಕಣಿವೆಯ ಸರ್ಕಾರಿ ಅಧಿಕಾರಿ ಕಾಯಿದನ ಮನೆಯಲ್ಲಿ ಇಡೀ ಕುರಿ ಸುಟ್ಟಿದ್ದನ್ನು ತಿಂದು, ಮೂರು ಕಾರೂ ಇಳಿದು ಹೋದವು. ಹುಡುಗಿ ನಡುವಿನ ಕಾರಿನಲ್ಲಿದ್ದಳು. ಸಾಮಾನು ತರೋಕೆ ಹೋಗಿದಾಳೆ, ಭಾನುವಾರ ಬರ್ತಾಳೆ ಅಂದ ದ್ರೀಸ್. ನರ್ಸನ್ನು ಕಣ್ಣಾರೆ ಕಂಡಾಯಿತಲ್ಲ ಅಂತ ಬಾಸ್ಸು ಮನೆಗೆ ಬಂದು ಹೇಳಿದ. ಯಾಮ್ನಾಳೂ ಕಂಡಿದ್ದಳು, ಗಂಟಿನ ಬಟ್ಟೆಯನ್ನು ತೆಗೆದು ಮತ್ತೆ ಪೆಟ್ಟಿಗೆಗೆ ಹಾಕಿದಳು.

ಭಾನುವಾರ ಬರಲಿಲ್ಲ. ಮುಂದಿನ ಭಾನುವಾರವೂ ಇಲ್ಲ. ದಾರಿ ಇನ್ನೂ ತೆರೆದಿತ್ತು. ಇವತ್ತು ಬರ್ತಾಳೆ, ನಾಳೆ ಬರ್ತಾಳೆ ಅಂತ ಬಾಸ್ಸು ದಿನಾ ದವಾಖಾನೆಯ ಬಾಗಿಲ ತನಕ ಹೋಗಿ ಬೀಗ ನೋಡಿ ಬಂದ. ಯಾಮ್ನಾ ಮತ್ತೆ ಗಂಟು ಕಟ್ಟಿದಳು. ಅಳಿಯ ಮಿಮೂನ್ ಹೇಸರಗತ್ತೆಗೆ ಲಾಳ ಹೊಡೆಸಿಕೊಂಡು ಬಂದ. ಮಾರನೇ ದಿನ ಹೊರಡುವುದು ಅಂತಾಯಿತು. ಅವತ್ತು ಸಂಜೆಯಿಂದಲೇ ಹಿಮ ಶುರುವಾಯಿತು. ಮೂರು ದಿನ ಬಿಡದೆ ಬಿತ್ತು. ಪಟ್ಟಣಕ್ಕಿಳಿಯುವ ದಾರಿ ಮುಚ್ಚಿಹೋಯಿತು.

ಮಂಗಳವಾರ ಬೆಳಿಗ್ಗೆ ತುದಾಗೆ ನೋವು ಬಂತು, ಲೆಕ್ಕಕ್ಕಿಂತ ಮೂರು ವಾರ ಮೊದಲೇ. ಮೇಲಿನ ಹಳ್ಳಿಯ ಅವರ ಮನೆಯಿಂದ ಸಂತೆಗೆ ಹಿಮದಲ್ಲಿ ಒಂದೂವರೆ ಗಂಟೆ. ಕಂಬಳಿ ಸುತ್ತಿ ಹೇಸರಗತ್ತೆಯ ಮೇಲೆ ಕೂರಿಸಿ ಕರೆದುಕೊಂಡು ಬಂದರು. ಮನೆಯಲ್ಲಿ ಬೇಡ ಅಂತ ಡಾಕ್ಟರು ಹೇಳಿದ್ದ ಮಾತೊಂದೇ ಅವರ ತಲೆಯಲ್ಲಿ. ದವಾಖಾನೆಗೆ ಬೀಗ. ಬೀಗದ ಕೈ ದ್ರೀಸನ ಹತ್ತಿರ ಇಲ್ಲ, ಕಾಯಿದನ ಕಚೇರಿಯಲ್ಲಿ. ಕಚೇರಿಯ ಗುಮಾಸ್ತ ಹನ್ನೊಂದಕ್ಕೆ. ಗೋಡೆಯ ಮೇಲಿನ ಆ ಗಡಿಯಾರದಲ್ಲಿ ಒಂಬತ್ತು ಗಂಟೆ.

ಮಿಮೂನ್ ಕಲ್ಲಿನಲ್ಲಿ ಬೀಗ ಒಡೆದ. ಒಳಗೆ ಮಂಚಕ್ಕೆ ಸುತ್ತಿದ ಪ್ಲಾಸ್ಟಿಕ್ಕನ್ನು ಯಾರೂ ಬಿಚ್ಚಿರಲಿಲ್ಲ. ನಲ್ಲಿ ತಿರುಗಿಸಿದರೆ ಗಾಳಿ ಬಂತು. ಗಾಜಿನ ಕಪಾಟಿನಲ್ಲಿ ಟೇಪು ಕತ್ತರಿಸಿದ ಕತ್ತರಿ ಬಿಟ್ಟರೆ ಇನ್ನೇನೂ ಇಲ್ಲ. ಯಾಮ್ನಾ ಹಿಮ ಕಾಯಿಸಿ ನೀರು ಮಾಡಿದಳು. ಬೆಟ್ಟದಾಚೆಗೆ ಮಾಮಾಸ್ ಅಜ್ಜಿಯನ್ನು ಕರೆಯಲು ಓಡಿದ ಮಿಮೂನ್ ಅವಳನ್ನು ಬೆನ್ನ ಮೇಲೆ ಹೊತ್ತುಕೊಂಡು ಬಂದಾಗ ಮಧ್ಯಾಹ್ನದ ನಮಾಜು ಮುಗಿದು ತುಂಬಾ ಹೊತ್ತಾಗಿತ್ತು. ಅಜ್ಜಿ ಒಳಗೆ ಹೋಗಿ, ಸ್ವಲ್ಪ ಹೊತ್ತಿಗೆ ಹೊರಗೆ ಬಂದು, ತುದಾ ಉಳೀತಾಳೆ ಅಂದಳು. ಕರುಳಬಳ್ಳಿ ಮಗುವಿನ ಕುತ್ತಿಗೆಗೆ ಎರಡು ಸುತ್ತು ಬಿಗಿದಿತ್ತಂತೆ. ಗೊತ್ತಿದ್ದವರ ಬೆರಳು ಹೊತ್ತಿಗೆ ಸರಿಯಾಗಿ ಹೋಗಿದ್ದರೆ ಬಿಡಿಸಬಹುದಾಗಿತ್ತಂತೆ. ಗಂಡು ಮಗು. ಏಳನೇ ದಿನ ಹೆಸರಿಡುವುದಕ್ಕೆ ಅಂತ ಟಗರು ಕಟ್ಟಿ ಮೇಯಿಸಿದ್ದರು. ಅದು ಆಮೇಲೂ ಎಷ್ಟೋ ದಿನ ಅಂಗಳದಲ್ಲೇ ಇತ್ತು, ಯಾರೂ ಅದರ ಕಡೆ ನೋಡುತ್ತಿರಲಿಲ್ಲ.

ಬಾಸ್ಸು ಒಳಗೆ ಹೋಗಿ ಮಗಳ ಕಾಲ ಬಳಿ ಕೂತ. ಅವಳು ಅಳಲಿಲ್ಲ, ಬೈಯಲಿಲ್ಲ. ಇಷ್ಟೇ ಹೇಳಿದಳು:

"ಬೇರೆ ಯಾರು ಹೇಳಿದ್ರೂ ನಾನು ಹೊರಟು ಹೋಗ್ತಿದ್ದೆ ಅಪ್ಪಾ. ನೀನು ಸಾರಿದ್ದೆ ಅಂತ ಉಳಿದೆ."

ಕೇಳಿದವರು ಯಾರಾದರೂ ಅವನ ಕೆನ್ನೆಗೆ ಬಾರಿಸಿದ್ದರೆ ಅವನಿಗೆ ಹಗುರವಾಗುತ್ತಿತ್ತೇನೋ. ಮಂತ್ರಿಗಳು ಏನು ಕಳಕೊಂಡರು? ಅವರು ಇನ್ನೊಂದು ಕಾಗದಕ್ಕೆ ಮೊಹರು ಒತ್ತುತ್ತಿದ್ದರು. ಅವರ ಸುಳ್ಳನ್ನು ಮಗಳ ಕಿವಿಗೆ ಹಾಕಿದ್ದು ತನ್ನ ಗಂಟಲು. ಅಪ್ಪ ಹೇಸರಗತ್ತೆ ಬಿಚ್ಚಿ ಕೊಟ್ಟಿದ್ದ. ತಾನು ಏನು ಬಿಚ್ಚಿ ಕೊಡೋದು?

ಆಮೇಲೆ ಎರಡು ಗುರುವಾರ ಬಾಸ್ಸು ಬಂಡೆ ಹತ್ತಲಿಲ್ಲ. ಕುರಿ ಕಳಕೊಂಡವರು ಬಂದು ಕರೆದರೆ, ಗಂಟಲು ಕೆಟ್ಟಿದೆ ಅಂದ. ಜನ ಒತ್ತಾಯ ಮಾಡಲಿಲ್ಲ. ಹಮ್ಮಾದಿ ಸ್ಫೆಂಜ್ ಪೊಟ್ಟಣ ಕಟ್ಟಿ ಮನೆಗೆ ಕಳಿಸಿದ, ಜತೆಗೆ ಯಾವ ಕುಚೋದ್ಯವನ್ನೂ ಕಳಿಸಲಿಲ್ಲ.

ಮೂರನೇ ಗುರುವಾರ ಸರ್ಕಾರಕ್ಕೆ ವರ್ಷ ತುಂಬಿತು. ದ್ರೀಸ್ ಬೆಳಿಗ್ಗೆಯೇ ಕಾಗದ ಹಿಡಿದು ಮನೆಗೆ ಬಂದ. ಒಂದು ವರ್ಷದ ಸಾಧನೆಗಳು. ಕಾಯಿದ್ ಸಾಹೇಬರೂ ಸಂತೆಗೆ ಬರ್ತಾರೆ, ಇವತ್ತು ಗಂಟಲು ಸರಿ ಇರಲೇಬೇಕು ಅಂತ ಹೇಳಿ ಓದಿದ. ನಾಲ್ಕನೆಯದೋ ಐದನೆಯದೋ ಸಾಲಿನಲ್ಲಿ, ಬೆಟ್ಟದ ಸಂತೆಗಳ ದವಾಖಾನೆಗಳಲ್ಲಿ ಹೆರಿಗೆ ನರ್ಸುಗಳ ನೇಮಕ ಪೂರ್ತಿಯಾಗಿದೆ ಅಂತ ಇತ್ತು. ಒಳಮನೆಯ ಬಾಗಿಲು ಅರ್ಧ ತೆರೆದಿತ್ತು. ಅದರಾಚೆ ತುದಾ ಮಲಗಿದ್ದಳು. ದ್ರೀಸ್ ಆ ಸಾಲನ್ನೂ ಅದೇ ದನಿಯಲ್ಲಿ ಓದಿ ಮುಂದೆ ಹೋದ. ಅವನಿಗೆ ಓದುವಾಗ ಅರ್ಥ ಮಾಡಿಕೊಳ್ಳುವ ಅಭ್ಯಾಸ ಇಲ್ಲ.

ಬಾಸ್ಸು ಇನ್ನೊಂದು ಸಲ ಓದಲು ಹೇಳಿ, ಪೂರ್ತಿ ಕೇಳಿಸಿಕೊಂಡ. ಆಮೇಲೆ, ಸಾರುತ್ತೇನೆ, ಆದರೆ ನೀನು ಬಂಡೆ ಹತ್ತಿ ಕೈ ಇಡಬೇಕು ಅಂದ.

"ಮತ್ತೆ ಅದೇ ರಾಗ ತೆಗೀಬೇಡ ಚಿಕ್ಕಪ್ಪ. ನಾನು ಬರೀ ಕಾಗದ ತರೋನು. ಸರ್ಕಾರದ ಕೈಯನ್ನ ನಾನೆಲ್ಲಿಂದ ತರ್ಲಿ?"

"ಸರಿ ಬಿಡು, ತಿಳೀತು" ಅಂದ ಬಾಸ್ಸು. ಜೆಲ್ಲಾಬಾ ನಿಲುವಂಗಿ ತೊಟ್ಟುಕೊಂಡು ಹೊರಟ.

ಅವತ್ತು ಸಂತೆ ತುಂಬಿತ್ತು. ಹಿಮ ಕರಗಿ ಎಲ್ಲೆಲ್ಲೂ ಕೆಸರು. ಕಾಯಿದನಿಗೆ ಗುಡಾರದ ಮುಂದೆ ಕುರ್ಚಿ ಹಾಕಿ ಚಹಾ ಕೊಟ್ಟಿದ್ದರು. ಬಾಸ್ಸು ಬಂಡೆ ಹತ್ತಿ ಬಲಗೈ ಕಿವಿಗೆ ಆನಿಸಿದ. ಜನ ತಿರುಗಿದರು. ಎಲ್ಲರೂ ಕಾಯುತ್ತಿದ್ದ ಆ ಮೊದಲ ಮಾತು, ಒಳ್ಳೇದೇ ಕೇಳಿ ಅನ್ನುವುದು, ಬರಲೇ ಇಲ್ಲ. ನಲವತ್ತು ವರ್ಷದಲ್ಲಿ ಮೊದಲ ಸಲ ಅದನ್ನು ಬಿಟ್ಟು ಅವನು ನೇರವಾಗಿ ಶುರು ಮಾಡಿದ.

"ಕಳೆದಿದೆ! ಕೇಳ್ರಪ್ಪಾ, ಕಳೆದಿದೆ! ಒಬ್ಬಳು ಹೆರಿಗೆ ನರ್ಸು ಕಳೆದಿದಾಳೆ. ಗುರುತು: ಬಿಳಿ ಕೋಟು, ಚಿಕ್ಕ ವಯಸ್ಸು. ಕಳೆದ ಜಾಗ: ರಾಜಧಾನಿಗೂ ನಮ್ಮ ದವಾಖಾನೆಗೂ ನಡುವೆ. ಕೊನೇ ಸಲ ಕಂಡಿದ್ದು ಫೆಬ್ರವರಿ ಒಂದನೇ ತಾರೀಖು, ಮೂರು ಕಾರಿನ ಪೈಕಿ ನಡುವಿನ ಕಾರಲ್ಲಿ."

ಮೊದಲು ಯಾರೋ ನಕ್ಕರು, ಅಭ್ಯಾಸಬಲದಿಂದ. ಆಮೇಲೆ ಕುರಿ ವ್ಯಾಪಾರ ಅರ್ಧಕ್ಕೆ ನಿಂತಿತು. ಕಾಯಿದ್ ಚಹಾ ಲೋಟ ಕೆಳಗಿಟ್ಟು ದ್ರೀಸನ ಕಡೆ ನೋಡಿದ. ದ್ರೀಸ್ ಬಂಡೆಯ ಕಡೆ ಎರಡು ಹೆಜ್ಜೆ ಇಟ್ಟು ನಿಂತ. ಏನಾದರೂ ಮಾಡಬೇಕು, ಮುದುಕನನ್ನು ಎಳೆದು ಇಳಿಸಿದರೆ ಜನ ಬಿಡಲ್ಲ. ಅವನಿಗೆ ನಮ್ಮ ಕಟ್ಟಳೆ ನೆನಪಾಯಿತು. ವರ್ಷವಿಡೀ ತನಗೆ ಬೇಡವಾಗಿದ್ದ ಕಟ್ಟಳೆ.

"ಮಾತು ಯಾರದು?" ಅಂತ ಕೂಗಿದ. "ಪಕ್ಕದಲ್ಲಿ ಯಾರೂ ಇಲ್ವಲ್ಲ. ಮಾತು ಯಾರದು?"

ಪ್ರಶ್ನೆ ನ್ಯಾಯವಾದದ್ದೇ. ಮಾತು ಸಾರಿದವನ ತಲೆಗೆ ಬರುತ್ತದೆ, ಕಾಯಿದನ ಎದುರಿಗೆ, ಸರ್ಕಾರದ ವಿರುದ್ಧ. ಅದಕ್ಕೆ ಏನಾಗುತ್ತದೆ ಅಂತ ಗೊತ್ತಿಲ್ಲದವರು ಅಲ್ಲಿ ಯಾರೂ ಇರಲಿಲ್ಲ. ಬಾಸ್ಸು, ನಂದೇ ಅನ್ನೋಕೆ ಬಾಯಿ ತೆರೆದ. ಅವನು ಅದಕ್ಕೆ ತಯಾರಾಗಿಯೇ ಬಂದಿದ್ದ.

ಅಷ್ಟರಲ್ಲಿ ಕುರಿ ಮೂಲೆಯ ಕಡೆ ಜನ ಸರಿದು ದಾರಿ ಬಿಟ್ಟರು. ಹೇಸರಗತ್ತೆಯಿಂದ ಇಳಿದ ತುದಾ ಯಾಮ್ನಾಳ ತೋಳು ಹಿಡಿದುಕೊಂಡು ಬರುತ್ತಿದ್ದಳು. ಹೆತ್ತವಳು ನಲವತ್ತು ದಿನ ತುಂಬುವ ತನಕ ಹೊಸಿಲು ದಾಟಬಾರದು. ಅವಳಿಗೆ ಇನ್ನೂ ಇಪ್ಪತ್ತೂ ತುಂಬಿರಲಿಲ್ಲ. ಒಳಮನೆಯಲ್ಲಿ ಮಲಗಿ ಅವಳು ದ್ರೀಸನ ಕಾಗದ ಎರಡು ಸಲವೂ ಕೇಳಿದ್ದಳು, ಅಪ್ಪ ಕೈ ಕೇಳಿದ್ದನ್ನೂ ಕೇಳಿದ್ದಳು. ಕೆಸರಿನಲ್ಲಿ ಒಂದೊಂದೇ ಹೆಜ್ಜೆ ಇಟ್ಟು ಬಂಡೆಯ ಹತ್ತಿರ ಬಂದಳು. ಹಮ್ಮಾದಿ ಎಣ್ಣೆಗೈಯನ್ನು ಬಟ್ಟೆಗೆ ಒರೆಸಿಕೊಂಡು ಅವಳಿಗೆ ಆಸರೆ ಕೊಟ್ಟ. ಅವಳು ಹತ್ತಿದಳು. ಅಪ್ಪನ ಪಕ್ಕದಲ್ಲಿ ನಿಂತು, ಅವನ ಭುಜದ ಮೇಲೆ ಕೈ ಇಟ್ಟಳು.

"ಮಾತು ನಂದು" ಅಂದಳು. ಅವಳ ದನಿ ಚಿಕ್ಕದು, ಆದರೂ ಕೊನೆಯ ಸಾಲಿನವರಿಗೂ ಕೇಳಿಸಿತು. "ಕಳಕೊಂಡೋಳು ನಾನು."

ದ್ರೀಸ್ ತಲೆ ತಗ್ಗಿಸಿದ. ಕಾಯಿದ್ ಕುರ್ಚಿಯಿಂದ ಎದ್ದ, ಮತ್ತೆ ಕೂತ.

ಬಾಸ್ಸು ಮಗಳ ಕಡೆ ತಿರುಗಲಿಲ್ಲ. ತಿರುಗಿದ್ದರೆ ಗಂಟಲು ಏಳುತ್ತಿರಲಿಲ್ಲ. ಅವನು ಮತ್ತೆ ಬಲಗೈಯನ್ನು ಕಿವಿಗೆ ಆನಿಸಿ, ಕಳೆದದ್ದನ್ನು ಗುರುತುಗಳ ಸಮೇತ ಮೊದಲಿಂದ ಸಾರಿದ. ಕಟ್ಟಳೆಯ ಪ್ರಕಾರ ಮೂರು ಸಲ. ಮೂರನೇ ಸಲ ಮುಗಿಯುವ ಹೊತ್ತಿಗೆ ಹೊಳೆಯಾಚೆ ಒಗೆಯುತ್ತಿದ್ದ ಹೆಂಗಸರು ಬಟ್ಟೆ ಬಿಟ್ಟು ಎದ್ದು ನಿಂತಿದ್ದರು. ತುದಾ ಅಲ್ಲೀವರೆಗೂ ಕೈ ತೆಗೆಯಲಿಲ್ಲ.